ಕುಲುಮೆಯ ಹದ, ನಿಕ್ಕಲ್ಲಿನ ಬಾಳಿಕೆ

1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಧುಗಿರಿ ಮತ್ತು ಚನ್ನರಾಯನದುರ್ಗದ ಆಸುಪಾಸಿನಲ್ಲಿ ಕಬ್ಬಿಣ ಕರಗಿಸುವವರ, ಉಕ್ಕು ಮಾಡುವವರ ಕೆಲಸವನ್ನು ಬಿಡಿಬಿಡಿಯಾಗಿ ಬರೆದಿಟ್ಟಿದ್ದಾರೆ. ಸುಡದ ಜೇಡಿಮಣ್ಣಿನ ಪುಟ್ಟ ಮೂಸೆ. ಅದರೊಳಗೆ ಬಡಿದ ಕಬ್ಬಿಣದ ತುಂಡು, ಮೂರು ರೂಪಾಯಿ ತೂಕದಷ್ಟು ತಂಗಡಿ ಕಡ್ಡಿ, ಎರಡು ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ, ಇದ್ದಿಲ ನಡುವೆ ಹೂತು, ತಿದಿ ಒತ್ತುತ್ತಾ ಗಂಟೆಗಟ್ಟಲೆ ಕಾಯಿಸಿ, ಆರಿದ ಮೇಲೆ ಮೂಸೆ ಒಡೆದರೆ ಉಕ್ಕಿನ ಗಟ್ಟಿ. ಕಲ್ಲುಕುಟಿಗರ ಉಳಿಗೂ ಕತ್ತಿಯ ಅಲಗಿಗೂ ವಾದ್ಯದ ತಂತಿಗೂ ಆ ಉಕ್ಕೇ ಬೇಕಿತ್ತು. ಮೂಸೆಯೊಳಗೆ ಬಿದ್ದದ್ದರ ತೂಕ ಬುಕಾನನ್‌ರ ಪುಸ್ತಕದಲ್ಲಿದೆ. ಬೆಂಕಿಯ ಬಣ್ಣ ನೋಡಿ ಇನ್ನೆಷ್ಟು ಹೊತ್ತು, ಇನ್ನು ಸಾಕು ಎಂದು ತೀರ್ಮಾನಿಸುವ ಕಣ್ಣಳತೆ ಮಾತ್ರ ಯಾವ ಪುಸ್ತಕಕ್ಕೂ ಪೂರ್ತಿಯಾಗಿ ಇಳಿಯಲಿಲ್ಲ. ಕಮ್ಮಾರಸಾಲೆಯಲ್ಲಿ ಅದಕ್ಕೆ ಹದ ಎನ್ನುತ್ತಾರೆ. ತಂಗಡಿ ಗಿಡ ಇವತ್ತಿಗೂ ಶಿರಾ, ಪಾವಗಡದ ಬೀಳುಗಳಲ್ಲಿ ಹಳದಿ ಹೂ ಬಿಟ್ಟು ನಿಂತಿದೆ. ಕುಲುಮೆಗಳು ಹೋಗಿ ಬಹಳ ಕಾಲವಾಯಿತು.

ಇದೇ ದಕ್ಷಿಣ ಭಾರತದ ಮೂಸೆ ಉಕ್ಕು ಲಂಡನ್ನಿಗೆ ಹೋಗಿ, 1819ರಲ್ಲಿ ಮೈಕೇಲ್ ಫ್ಯಾರಡೆಯವರ ಕೈ ಸೇರಿತು. ಇಷ್ಟು ಒಳ್ಳೆಯ ಉಕ್ಕಿನಲ್ಲಿ ಏನಿದೆ ಎಂದು ಅವರು ರಾಸಾಯನಿಕವಾಗಿ ಬಿಡಿಸಿ ನೋಡಿದರು. ಅಲ್ಯೂಮಿನಾ, ಸಿಲಿಕಾಗಳ ಅಂಶ ಇರುವುದರಿಂದಲೇ ಈ ಗುಣ ಬಂದಿರಬೇಕು ಎಂದುಕೊಂಡರು. ಅದು ತಪ್ಪು. ಗುಣ ಇದ್ದದ್ದು ಇಂಗಾಲದ ಪ್ರಮಾಣದಲ್ಲಿ, ಅದಕ್ಕಿಂತ ಹೆಚ್ಚಾಗಿ ಗಟ್ಟಿ ಆರಿದ ನಿಧಾನದಲ್ಲಿ, ಆಮೇಲೆ ಕಮ್ಮಾರ ಅದನ್ನು ಎಷ್ಟು ಕಾಯಿಸಿ ಬಡಿದ ಎಂಬುದರಲ್ಲಿ. ಮರುವರ್ಷ ಫ್ಯಾರಡೆ ಮತ್ತು ಅಲಗು ತಯಾರಕ ಜೇಮ್ಸ್ ಸ್ಟೊಡಾರ್ಟ್ ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸುವ ಪ್ರಯೋಗಗಳನ್ನು ಪ್ರಕಟಿಸಿದರು. ಉಲ್ಕೆಯ ಕಬ್ಬಿಣದಲ್ಲಿ ನಿಕ್ಕಲ್ ಇರುವುದು ಆಗ ಗೊತ್ತಿತ್ತು. ಅದನ್ನು ಅನುಕರಿಸಿ ಶುದ್ಧ ಕಬ್ಬಿಣಕ್ಕೆ ನಿಕ್ಕಲ್ ಬೆರೆಸಿದಾಗ ತುಕ್ಕು ಕಡಿಮೆಯಾದಂತೆ ಕಂಡಿತು. ಉಕ್ಕಿಗೆ ಬೆರೆಸಿದಾಗ ತುಕ್ಕು ಇನ್ನೂ ಬೇಗ ಹಿಡಿಯಿತು. ಬೆರೆಸಿದ್ದು ಅದೇ ನಿಕ್ಕಲ್, ಫಲ ಮಾತ್ರ ತಿರುಗುಮುರುಗು. ಲೋಹದಲ್ಲಿ ಏನಿದೆ ಎಂದು ಕೇಳಿದರೆ ಸಾಲದು, ಅದು ಯಾವ ಸ್ಥಿತಿಯಲ್ಲಿ ಕೂತಿದೆ ಎಂದೂ ಕೇಳಬೇಕು ಎನ್ನುವುದಕ್ಕೆ ಇದು ಮೊದಲ ಸುಳಿವು. ಆ ಸುಳಿವನ್ನು ಓದಿಕೊಳ್ಳಲು ಲೋಹಶಾಸ್ತ್ರಕ್ಕೆ ನೂರೈವತ್ತು ವರ್ಷ ಹಿಡಿಯಿತು, ಮತ್ತು ಓದಿದ ಪಾಠವನ್ನು ಅದು ಆಗಾಗ ಮರೆಯಿತು ಎಂಬುದೇ ಈ ಲೇಖನದ ವಾದ. ನಿಕ್ಕಲ್ ಮಿಶ್ರಲೋಹಗಳ ಚರಿತ್ರೆಯಲ್ಲಿ ಹೆಸರು ಬರುವುದು ಬೆರಕೆಯ ಲೆಕ್ಕಕ್ಕೆ. ತುಕ್ಕಿನ ಎದುರು ಲೋಹ ನಿಲ್ಲುವುದೋ ಬೀಳುವುದೋ ತೀರ್ಮಾನವಾಗುವುದು ಬಹಳ ಸಲ ಕುಲುಮೆಯ ಲೆಕ್ಕದಲ್ಲಿ.

ಇಪ್ಪತ್ತನೆಯ ಶತಮಾನದ ಮೊದಲ ಐವತ್ತು ವರ್ಷ ಬೆರಕೆಯದೇ ಕಾಲ. 1751ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಬೇರ್ಪಡಿಸಿದ ನಿಕ್ಕಲ್ ಒಂದೂವರೆ ಶತಮಾನ ಕಾದು, 1900ರ ನಂತರದ ದಶಕದಲ್ಲಿ ಮೋನೆಲ್ ಆಗಿ ಮಾರುಕಟ್ಟೆಗೆ ಬಂತು. ಕೆನಡಾದ ಸಡ್‌ಬರಿ ಅದಿರಿನಲ್ಲೇ ನಿಕ್ಕಲ್ ಮತ್ತು ತಾಮ್ರ ಜೊತೆಗಿದ್ದವು; ಸುಮಾರು ಎರಡು ಪಾಲು ನಿಕ್ಕಲ್, ಒಂದು ಪಾಲು ತಾಮ್ರವನ್ನು ಬೇರ್ಪಡಿಸದೆ ಹಾಗೇ ಬಳಸಿದರೆ ಸಮುದ್ರದ ನೀರಿಗೂ ಜಗ್ಗದ ಲೋಹ. 1930ರ ದಶಕದಲ್ಲಿ, ಮುಂದೆ ಇನ್ಕೊನೆಲ್ 600 ಎಂದು ಕರೆಸಿಕೊಂಡ ಇನ್ಕೊನೆಲ್ ಬಂತು: ನಿಕ್ಕಲ್ ಮುಕ್ಕಾಲು ಪಾಲು, ಕ್ರೋಮಿಯಂ ನೂರಕ್ಕೆ ಹದಿನೈದರಷ್ಟು, ಉಳಿದದ್ದು ಹೆಚ್ಚಾಗಿ ಕಬ್ಬಿಣ. ಮುಂದೆ ಪರಮಾಣು ಸ್ಥಾವರದ ಹೊಟ್ಟೆ ಸೇರಿದ ಈ ಲೋಹವನ್ನು ಮೊದಲು ಮಾಡಿದ್ದು ಹಾಲು ಸಂಸ್ಕರಿಸುವ ಪಾತ್ರೆಗಳಿಗಾಗಿ. ಅದೇ ಹೊತ್ತಿಗೆ ಅಮೆರಿಕದ ಕೊಕೊಮೊ ಊರಿನ ಹೇನ್ಸ್ ಕಂಪನಿಯ ಹ್ಯಾಸ್ಟೆಲಾಯ್‌ಗಳು ಬಂದವು. ಬಿ ಎಂಬುದು ಮಾಲಿಬ್ಡಿನಂ ತುಂಬಿಕೊಂಡು ಹೈಡ್ರೋಕ್ಲೋರಿಕ್ ಆಮ್ಲಕ್ಕೆ, ಸಿ ಎಂಬುದು ಕ್ರೋಮಿಯಂ, ಮಾಲಿಬ್ಡಿನಂ ಎರಡನ್ನೂ ಹೊತ್ತು ಬಗೆಬಗೆಯ ಆಮ್ಲಗಳಿಗೆ. ಯಾವ ಆಮ್ಲಕ್ಕೆ ಯಾವ ಬೆರಕೆ ಎಂಬ ಪಟ್ಟಿ ಗೋಡೆಗೆ ತೂಗುಹಾಕಿದರೆ ಎಂಜಿನಿಯರನ ಕೆಲಸ ಮುಗಿಯಿತು ಎಂಬ ನಂಬಿಕೆ ಆಗ ಇತ್ತು. ಕಾಯಿಸುವುದು, ತಣಿಸುವುದು ಏನಿದ್ದರೂ ಲೋಹವನ್ನು ಮೆತ್ತಗೆ ಮಾಡಿ ಬಗ್ಗಿಸಲು, ಅಥವಾ ಗಟ್ಟಿ ಮಾಡಿ ಬಲ ತರಲು. ತುಕ್ಕಿಗೂ ಅದಕ್ಕೂ ಸಂಬಂಧವಿಲ್ಲ ಎಂದೇ ಭಾವನೆ.

ಸಂಬಂಧ ಇದೆ ಎಂದು ತೋರಿಸಿಕೊಟ್ಟದ್ದು ವೆಲ್ಡಿಂಗ್. ಹ್ಯಾಸ್ಟೆಲಾಯ್ ಸಿ ತಗಡಿನ ತೊಟ್ಟಿ ಆಮ್ಲವನ್ನು ತಡೆಯುತ್ತಿತ್ತು. ಆದರೆ ಬೆಸುಗೆಯ ಪಕ್ಕದಲ್ಲಿ, ಗೆರೆ ಎಳೆದಂತೆ ಕೊರೆತ ಕಾಣಿಸುತ್ತಿತ್ತು. ಕಾರಣ ತಿಳಿಯಬೇಕಾದರೆ ಲೋಹದ ಒಳಗನ್ನು ನೋಡಬೇಕು. ಹೊಳಪು ಕೊಟ್ಟು ಆಮ್ಲ ಸವರಿದ ಲೋಹವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮಧುಗಿರಿ ಬೆಟ್ಟದ ಮೇಲಿಂದ ಕೆಳಗಿನ ಹೊಲಗಳನ್ನು ನೋಡಿದ ಹಾಗೆ: ಒಂದಕ್ಕೊಂದು ಅಂಟಿಕೊಂಡ ಹರಳುಗಳು, ಎರಡು ಹರಳಿನ ನಡುವೆ ತೆಳು ಬದು. ಲೋಹ ಚೆನ್ನಾಗಿ ಕಾದಾಗ, ಸಾವಿರ ಡಿಗ್ರಿಗೂ ಮೇಲೆ, ಅದರಲ್ಲಿರುವ ಅಷ್ಟಿಷ್ಟು ಇಂಗಾಲ ಹರಳುಗಳೊಳಗೆ ಕರಗಿ ಕಾಣದಂತಿರುತ್ತದೆ. ತಕ್ಷಣ ನೀರಿಗೆ ಹಾಕಿ ತಣಿಸಿದರೆ ಹಾಗೇ ಸಿಕ್ಕಿಬೀಳುತ್ತದೆ. ನಿಧಾನವಾಗಿ ತಣಿದರೆ, ಇಲ್ಲವೆ ಬೆಸುಗೆಯ ಪಕ್ಕದ ಜಾಗದಂತೆ 600ರಿಂದ 800 ಡಿಗ್ರಿಯ ನಡುವೆ ಸ್ವಲ್ಪ ಹೊತ್ತು ನಿಂತರೆ, ಇಂಗಾಲ ಬದುವಿಗೆ ಓಡಿಬಂದು ಅಲ್ಲಿನ ಕ್ರೋಮಿಯಂ, ಮಾಲಿಬ್ಡಿನಂಗಳನ್ನು ಹಿಡಿದು ಕಾರ್ಬೈಡ್ ಕಾಳುಗಳಾಗಿ ಕೂರುತ್ತದೆ. ಬದುವಿನ ಎರಡೂ ಮಗ್ಗುಲಿನ ಸಣ್ಣ ಪಟ್ಟಿ ಕ್ರೋಮಿಯಂ ಕಳೆದುಕೊಂಡು ಬರಡಾಗುತ್ತದೆ. ತುಕ್ಕು ತಡೆಯುವುದು ಕ್ರೋಮಿಯಂ ಆಕ್ಸೈಡಿನ ಕಣ್ಣಿಗೆ ಕಾಣದ ಪೊರೆ. ಬರಡು ಪಟ್ಟಿಯ ಮೇಲೆ ಆ ಪೊರೆ ಕಟ್ಟುವುದಿಲ್ಲ. ಆಮ್ಲ ಹೊಲವನ್ನು ಮುಟ್ಟದೆ ಬದು ಹಿಡಿದೇ ಒಳಗೆ ನುಗ್ಗುತ್ತದೆ. ತುಂಡನ್ನು ರಸಾಯನ ಪರೀಕ್ಷೆಗೆ ಕಳಿಸಿದರೆ ವರದಿ ಸರಿಯಾಗಿಯೇ ಬರುತ್ತದೆ, ಏಕೆಂದರೆ ಕ್ರೋಮಿಯಂ ಎಲ್ಲೂ ಹೋಗಿಲ್ಲ, ಜಾಗ ಬದಲಿಸಿದೆ ಅಷ್ಟೆ. ಇದಕ್ಕಾಗಿಯೇ ಮೈಕೇಲ್ ಸ್ಟ್ರೈಕರ್ ಬಳಕೆಗೆ ತಂದ, ಕುದಿಯುವ ಗಂಧಕಾಮ್ಲ ಮತ್ತು ಫೆರಿಕ್ ಸಲ್ಫೇಟಿನ ಪರೀಕ್ಷೆ ಲೋಹದ ಬೆರಕೆಯನ್ನು ಕೇಳುವುದಿಲ್ಲ. ಅದು ಉಂಡ ಬೆಂಕಿಯನ್ನು ಕೇಳುತ್ತದೆ.

ಮೊದಲ ಪರಿಹಾರ ನೇರವಾಗಿತ್ತು: ಬೆಸುಗೆ ಮುಗಿದ ಮೇಲೆ ಇಡೀ ತೊಟ್ಟಿಯನ್ನೇ ಮತ್ತೆ 1,100 ಡಿಗ್ರಿಗೂ ಮೇಲೆ ಕಾಯಿಸಿ ಬೇಗ ತಣಿಸುವುದು. ಬೆಂಗಳೂರಿನ ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಶೆಡ್ಡುಗಳಲ್ಲಿ ಸೊಲ್ಯೂಷನ್ ಅನೀಲಿಂಗ್ ಎನ್ನುವುದು ಇದನ್ನೇ. ಮನೆಯಷ್ಟು ದೊಡ್ಡ ತೊಟ್ಟಿಗೆ ಅಂಥ ಕುಲುಮೆ ಎಲ್ಲಿಂದ ತರುವುದು? ಹಾಗಾಗಿ 1960ರ ದಶಕದಲ್ಲಿ ಬೆರಕೆಯವರು ಮತ್ತೆ ಮುಂದೆ ಬಂದರು. ಇಂಗಾಲವನ್ನೇ ನೂರಕ್ಕೆ 0.01ಕ್ಕಿಂತ ಕೆಳಗಿಳಿಸಿ, ಸಿಲಿಕಾನನ್ನೂ ಕತ್ತರಿಸಿ ಸಿ-276 ಮಾಡಿದರು. ಬೆಸೆದ ಹಾಗೆಯೇ ಬಳಸಬಹುದಾಯಿತು. ಇದು ದೊಡ್ಡ ಗೆಲುವೇ, ಅನುಮಾನವಿಲ್ಲ. ಆದರೆ ಅದೇ ಉಪಾಯವನ್ನು ಹ್ಯಾಸ್ಟೆಲಾಯ್ ಬಿ ಮೇಲೆ ಹೂಡಿ ಬಿ-2 ಮಾಡಿದಾಗ ಕುಲುಮೆ ಬೇರೆ ಬಾಗಿಲಿನಿಂದ ಒಳಗೆ ಬಂತು. ಇಂಗಾಲವೇನೋ ಹೋಯಿತು, ಆದರೆ 700 ಡಿಗ್ರಿಯ ಆಸುಪಾಸಿನಲ್ಲಿ ಕೆಲವೇ ನಿಮಿಷ ನಿಂತರೆ ನಿಕ್ಕಲ್ ಮತ್ತು ಮಾಲಿಬ್ಡಿನಂ ನಾಲ್ಕಕ್ಕೊಂದರಂತೆ ಸಾಲುಗಟ್ಟಿ ನಿಂತು ಲೋಹ ಗಾಜಿನಂತೆ ಪೆಡಸಾಗುತ್ತಿತ್ತು, ಬಿರುಕು ಬಿಡುತ್ತಿತ್ತು. ಹಳೆಯ ಬಿ ಲೋಹದಲ್ಲಿದ್ದ ಕಬ್ಬಿಣದ ಅಂಶ ಈ ಸಾಲುಗಟ್ಟುವಿಕೆಯನ್ನು ತಡಮಾಡುತ್ತಿತ್ತು ಎಂಬುದು, ಅದನ್ನು ಕಲ್ಮಶವೆಂದು ತೆಗೆದುಹಾಕಿದ ಮೇಲೆ ತಿಳಿಯಿತು! 1990ರ ದಶಕದ ಬಿ-3ರಲ್ಲಿ ಸ್ವಲ್ಪ ಕಬ್ಬಿಣ, ಕ್ರೋಮಿಯಂ ಮರಳಿ ಬಂದವು. ಹೊಸ ಬೆರಕೆಯ ಉದ್ದೇಶವನ್ನೇ ಗಮನಿಸಿ: ಆಮ್ಲವನ್ನು ಹೆಚ್ಚು ತಡೆಯುವುದಲ್ಲ, ಕುಲುಮೆಯವನಿಗೆ ಕೆಲವು ನಿಮಿಷ ಹೆಚ್ಚು ಕೊಡುವುದು.

ಈ ಕ್ಷೇತ್ರದ ಅತಿ ದೊಡ್ಡ ಜಗಳ ನಡೆದದ್ದು ಆಮ್ಲದ ಬಗ್ಗೆ ಅಲ್ಲ, ಶುದ್ಧ ನೀರಿನ ಬಗ್ಗೆ. 1959ರಲ್ಲಿ ಫ್ರಾನ್ಸಿನ ಪರಮಾಣು ಶಕ್ತಿ ಆಯೋಗದ ಸಾಕ್ಲೆ ಕೇಂದ್ರದ ಆನ್ರಿ ಕೊರಿಯು, 350 ಡಿಗ್ರಿಯ ಶುದ್ಧ ನೀರಿನಲ್ಲಿ ಎಳೆದು ಹಿಡಿದ ಇನ್ಕೊನೆಲ್ 600 ಬಿರುಕು ಬಿಡುತ್ತದೆ ಎಂದು ವರದಿ ಮಾಡಿದರು. ಸ್ಟೇನ್‌ಲೆಸ್ ಸ್ಟೀಲಿಗೆ ಉಪ್ಪಿನಂಶದಿಂದ ಬರುವ ಬಿರುಕಿಗೆ ಮದ್ದೆಂದೇ ಇನ್ಕೊನೆಲನ್ನು ಪರಮಾಣು ಸ್ಥಾವರಗಳಿಗೆ ಆರಿಸುತ್ತಿದ್ದ ಕಾಲವದು. ಲೋಹ ಮಾಡುವವರು, ಸ್ಥಾವರ ಕಟ್ಟುವವರು ಒಪ್ಪಲಿಲ್ಲ. ನಿಮ್ಮ ನೀರಿನಲ್ಲಿ ಏನೋ ಕಲಬೆರಕೆ ಇದೆ, ನಮ್ಮಲ್ಲಿ ಹಾಗಾಗುವುದಿಲ್ಲ ಎಂಬ ವಾದ ಹತ್ತು ವರ್ಷಕ್ಕೂ ಹೆಚ್ಚು ನಡೆಯಿತು. 1970ರ ದಶಕದಿಂದ ಸ್ಥಾವರಗಳ ಉಗಿ ಉತ್ಪಾದಕ ಕೊಳವೆಗಳು ಒಂದೊಂದಾಗಿ ಬಿರುಕು ಬಿಟ್ಟಾಗ ಕೊರಿಯು ಹೇಳಿದ್ದು ಸರಿ ಎಂದಾಯಿತು. ಒಳಗಿಳಿದು ನೋಡಿದವರಿಗೆ ವಿಚಿತ್ರವೊಂದು ಕಂಡಿತು. ಬಿರುಕು ಬಿಟ್ಟ ಕೊಳವೆಗಳನ್ನು ಕಾರ್ಖಾನೆಯಲ್ಲಿ ಸಾಧಾರಣ ಶಾಖದಲ್ಲಿ ಕಾಯಿಸಿ ಬಿಟ್ಟಿದ್ದರು. ಅವುಗಳಲ್ಲಿ ಕಾರ್ಬೈಡ್ ಕಾಳುಗಳು ಹೊಲದ ನಡುವೆ ಚೆಲ್ಲಿದ್ದವು, ಬದು ಖಾಲಿ. ಬದುವಿನ ಮೇಲೆ ಕಾಳು ಸಾಲಾಗಿ ಕೂತ ಕೊಳವೆಗಳು ಹೆಚ್ಚು ಬಾಳಿದವು. ಆಮ್ಲದಲ್ಲಿ ಶತ್ರುವಾದ ಕಾರ್ಬೈಡ್ ಬಿಸಿನೀರಿನಲ್ಲಿ ಕಾವಲುಗಾರ! ಹಾಗಾದರೆ ಬದುವಿನ ಮೇಲೆ ಕಾಳೂ ಕೂರಬೇಕು, ಪಕ್ಕದ ಪಟ್ಟಿ ಬರಡೂ ಆಗಬಾರದು. ಇದು ಸಾಧ್ಯವಾದದ್ದು ಕುಲುಮೆಯಲ್ಲೇ. 700 ಡಿಗ್ರಿಯ ಆಸುಪಾಸಿನಲ್ಲಿ ಹತ್ತು ಹದಿನೈದು ಗಂಟೆ ಹಿಡಿದಿಟ್ಟರೆ ಮೊದಲು ಕಾಳು ಕೂರುತ್ತದೆ, ಪಟ್ಟಿ ಬರಡಾಗುತ್ತದೆ. ಇಂಗಾಲ ಮುಗಿದ ಮೇಲೂ ಕುಲುಮೆ ಆರದಿದ್ದರೆ ಹರಳಿನ ಒಳಗಿನ ಕ್ರೋಮಿಯಂ ಮೆಲ್ಲಗೆ ಹರಿದುಬಂದು ಬರಡನ್ನು ತುಂಬುತ್ತದೆ. ಒಂದು ಗಂಟೆಯ ಶಾಖ ಮಾಡಿದ ರೋಗಕ್ಕೆ ಹದಿನೈದು ಗಂಟೆಯ ಅದೇ ಶಾಖ ಮದ್ದು. ನನ್ನ ಮಟ್ಟಿಗೆ ಈ ವಿದ್ಯೆಯಲ್ಲಿ ಇದಕ್ಕಿಂತ ಚೆಂದದ ಸಂಗತಿ ಇನ್ನೊಂದಿಲ್ಲ. 1980ರ ಆಸುಪಾಸಿನಿಂದ ಹೀಗೆ ಹದಗೊಳಿಸಿದ ಇನ್ಕೊನೆಲ್ 600ರ ಕೊಳವೆಗಳು, 1989ರಿಂದ ಕ್ರೋಮಿಯಂ ಎರಡರಷ್ಟಿರುವ ಇನ್ಕೊನೆಲ್ 690ರ ಕೊಳವೆಗಳು ಸ್ಥಾವರ ಸೇರಿದವು. 690 ಗೆದ್ದದ್ದು ಕ್ರೋಮಿಯಂನಿಂದ ಎಂದು ಹೇಳುವವರು, ಅದಕ್ಕೂ ಅದೇ ದೀರ್ಘ ಹದವನ್ನು ಕೊಟ್ಟೇ ಬಳಸುತ್ತಾರೆ ಎಂಬುದನ್ನು ಹೇಳಲು ಮರೆಯುತ್ತಾರೆ.

ಅರೆಬರೆ ಹದ ಎಷ್ಟು ದುಬಾರಿ ಎಂಬುದಕ್ಕೆ ಸಾಕ್ಷಿಗಳು ಸಾಲಾಗಿವೆ. ಅಮೆರಿಕದ ತ್ರೀ ಮೈಲ್ ಐಲೆಂಡ್ ಎಂದರೆ 1979ರ ಅಪಘಾತವೇ ನೆನಪಾಗುತ್ತದೆ. ಅದರ ಪಕ್ಕದ ಒಂದನೆಯ ಘಟಕದಲ್ಲಿ 1981ರಲ್ಲಿ ಸಾವಿರಾರು ಉಗಿ ಕೊಳವೆಗಳು ಬಿರುಕು ಬಿಟ್ಟದ್ದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಆ ಉಗಿ ಉತ್ಪಾದಕವನ್ನು ಕಟ್ಟಿದ ಮೇಲೆ ದಪ್ಪ ಉಕ್ಕಿನ ಬಿಗಿತ ಕಳೆಯಲೆಂದು ಇಡಿಯಾಗಿ ಕಾಯಿಸಿದ್ದರು. ಉಕ್ಕಿಗೆ ಹಿತವಾದ ಆ ಶಾಖವೇ ಒಳಗಿದ್ದ ಇನ್ಕೊನೆಲ್ ಕೊಳವೆಗಳ ಬದುಗಳನ್ನು ಬರಡು ಮಾಡಿತ್ತು. ಚೊಕ್ಕ ನೀರಿನಲ್ಲಿ ಅದು ಸುಮ್ಮನಿತ್ತು. ಗಂಧಕದ ಲವಣ ಒಂದಿಷ್ಟು ಸೋರಿಬಂದದ್ದೇ ನೆಪವಾಯಿತು. ಇನ್ನೊಂದು, ಎಕ್ಸ್-750 ಎಂಬ ಗಟ್ಟಿ ಲೋಹದ್ದು. 1980ರಲ್ಲಿ ಡ್ರೆಸ್ಡನ್-3 ಸ್ಥಾವರದಲ್ಲಿ ಪಂಪನ್ನು ಒತ್ತಿಹಿಡಿದಿದ್ದ ತೊಲೆ ಮುರಿಯಿತು. ಅದನ್ನು 885 ಡಿಗ್ರಿಯಲ್ಲಿ ಒಂದು ದಿನ, ಆಮೇಲೆ 704ರಲ್ಲಿ 20 ಗಂಟೆ ಇಟ್ಟು ಬಲ ಬರಿಸಿದ್ದರು. ಬದಲಿ ತೊಲೆಯ ಬೆರಕೆ ಅದೇ. ಮೊದಲ ಮೆಟ್ಟಿಲನ್ನು ಮಾತ್ರ 1,093 ಡಿಗ್ರಿಗೆ ಏರಿಸಿ ಒಂದು ಗಂಟೆಗೆ ಇಳಿಸಿದರು, ಬಿರುಕಿನ ಎದುರು ಬಾಳಿಕೆ ಬಹಳವಾಗಿ ಹೆಚ್ಚಿತು. 2002ರಲ್ಲಿ ಓಹಿಯೊದ ಡೇವಿಸ್-ಬೆಸ್ಸೆ ಸ್ಥಾವರದಲ್ಲಿ ನಳಿಕೆಯ ಬಿರುಕಿನಿಂದ ಸೋರಿದ ಬೋರಿಕ್ ಆಮ್ಲ ರಿಯಾಕ್ಟರಿನ ಒಂದು ಗೇಣಿಗೆ ಹತ್ತಿರದ ದಪ್ಪದ ಉಕ್ಕಿನ ಮುಚ್ಚಳವನ್ನು ತಿಂದು, ಒಳಗಿನ ಒಂದು ಸೆಂಟಿಮೀಟರಿನಷ್ಟು ಸ್ಟೇನ್‌ಲೆಸ್ ಪದರವನ್ನು ಮಾತ್ರ ಉಳಿಸಿತ್ತು. ಸೋರಿದ ಇನ್ಕೊನೆಲ್ 600ರ ನಳಿಕೆಗಳು ಒಂದೇ ಸಲಕ್ಕೆ ಕರಗಿಸಿ ಹೊಯ್ದ, ಎಂ3935 ಎಂಬ ಗುರುತಿನ ಪಾಳಿಯವು. ಕಾಗದದ ಮೇಲೆ ಒಂದೇ ಲೋಹವಾದರೂ ಪಾಳಿಯಿಂದ ಪಾಳಿಗೆ ಅದು ಬೇರೆ ಲೋಹ.

ಕರ್ನಾಟಕದಲ್ಲಿ ಈ ವಿದ್ಯೆಯ ದೊಡ್ಡ ಪರೀಕ್ಷೆ ಕಾಳಿ ನದಿ ದಡದ ಕೈಗಾದಲ್ಲಿ ನಡೆಯುತ್ತಿದೆ. ಕೆನಡಾದ ಮಾದರಿಯಲ್ಲಿ ಕಟ್ಟಿದ ರಾಜಸ್ಥಾನದ ಮೊದಲ ಘಟಕಗಳಲ್ಲೂ ಚೆನ್ನೈ ಬಳಿಯ ಕಲ್ಪಾಕ್ಕಂನಲ್ಲೂ ಉಗಿ ಕೊಳವೆಗಳು ಮೋನೆಲ್‌ನವು. ನರೋರಾದಿಂದ ಮುಂದೆ, ಕೈಗಾದ ನಾಲ್ಕು ಘಟಕಗಳೂ ಸೇರಿ, ಇನ್ಕೊಲಾಯ್ 800ಕ್ಕೆ ಬದಲಾಯಿಸಿಕೊಂಡರು. ಕಟ್ಟುನಿಟ್ಟಾಗಿ ಹೇಳಿದರೆ ಇದರಲ್ಲಿ ಕಬ್ಬಿಣವೇ ಹೆಚ್ಚು, ನಿಕ್ಕಲ್ ಮೂರನೆಯ ಒಂದು ಪಾಲು. ಆದರೂ ಇದನ್ನು ನಿಕ್ಕಲ್ ಬಳಗದಲ್ಲೇ ಸೇರಿಸುವುದು ವಾಡಿಕೆ. ಕೊರಿಯು ಮಾತಿಗೆ ಜರ್ಮನರು ಮೊದಲೇ ಕಿವಿಗೊಟ್ಟು ಆರಿಸಿದ ಲೋಹವಿದು. ಇಂಗಾಲ ಕಡಿಮೆ ಮಾಡಿ, ಉಳಿದ ಇಂಗಾಲವನ್ನು ಕಟ್ಟಿಹಾಕುವಷ್ಟು ಟೈಟೇನಿಯಂ ಇಟ್ಟು, ಆ ಟೈಟೇನಿಯಂ ಇಂಗಾಲವನ್ನು ಹಿಡಿದುಕೊಳ್ಳುವಂಥ ಶಾಖದಲ್ಲಿ ಹದ ಮಾಡುತ್ತಾರೆ. ಕೈಗಾದಲ್ಲಿ ಈ ಕೊಳವೆಗಳ ಒಳಗೆ ಸುಮಾರು 293 ಡಿಗ್ರಿಯ ಭಾರಜಲ, ಹೊರಗೆ ಸಾದಾ ನೀರು. ನಡುವಿನ ಗೋಡೆ ಒಂದು ಮಿಲಿಮೀಟರಿನ ಆಸುಪಾಸು. ಅಲ್ಲಿನ ಒಂದನೆಯ ಘಟಕ 2018ರ ಡಿಸೆಂಬರ್ 31ರಂದು ನಿಂತಾಗ 962 ದಿನ ಒಂದೇ ಸಮ ಓಡಿ ಆಗಿನ ವಿಶ್ವದಾಖಲೆ ಮಾಡಿತ್ತು. ಈ ಕೀರ್ತಿಯನ್ನೆಲ್ಲ ಕೊಳವೆಯ ಹದಕ್ಕೆ ಕೊಡುವುದು ಅತಿಯಾದೀತು. ನೀರಿನ ರಸಾಯನ ಕಾಯ್ದವರ ಪಾಲೂ ಅಷ್ಟೇ ಇದೆ. ಕೊಳವೆ ಸೋರಿದ್ದರೆ ಆ ದಾಖಲೆ ಸಾಧ್ಯವಿರಲಿಲ್ಲ ಎಂಬಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಹುದು. ಈ ಬಗೆಯ ಕೊಳವೆಗಳನ್ನು ದೇಶದಲ್ಲೇ ಮಾಡುವ ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣವನ್ನು ಕಟ್ಟಿದ ಬ್ರಹ್ಮ ಪ್ರಕಾಶ್ ಅದಕ್ಕೂ ಮುಂಚೆ, 1951ರಿಂದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲೋಹಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದವರು.

ಈ ವಾದಕ್ಕೆ ಎರಡು ಗಟ್ಟಿ ಆಕ್ಷೇಪಗಳಿವೆ. ಮೊದಲನೆಯದು: ಹದವೇ ಮುಖ್ಯವಾದರೆ, ಹದ ಮಾಡಿದ ಇನ್ಕೊನೆಲ್ 600ರ ಕೊಳವೆಗಳೂ ಯಾಕೆ ಬಿರುಕು ಬಿಟ್ಟವು? 2002ರಲ್ಲಿ ಅಮೆರಿಕದ ಸೀಬ್ರೂಕ್ ಸ್ಥಾವರದಲ್ಲಿ ಹಾಗಾಯಿತು. ಬಿರುಕು ಬಿಟ್ಟ ಕೊಳವೆಗಳನ್ನು ತೆಗೆದು ನೋಡಿದಾಗ ಅವುಗಳಲ್ಲಿ ಇರಬಾರದಷ್ಟು ಒಳಬಿಗಿತ ಉಳಿದಿತ್ತು. ಅಂದರೆ ತಯಾರಿಕೆಯ ದಾರಿಯಲ್ಲೇ ಅವು ಉಳಿದವುಗಳಿಂದ ಬೇರೆಯಾಗಿದ್ದವು. ಆಕ್ಷೇಪ ಬಲವಾಗಿ ಕಂಡರೂ ಕೊನೆಗೆ ವಾದವನ್ನೇ ಎತ್ತಿಹಿಡಿಯುತ್ತದೆ. ಎರಡನೆಯದು ಇನ್ನೂ ಗಟ್ಟಿ: ಇಂಗಾಲ ತೆಗೆಯುವುದು, ಕ್ರೋಮಿಯಂ ಹೆಚ್ಚಿಸುವುದು ಒಂದು ಸಲದ ಕೆಲಸ, ಲೋಹದೊಳಗೇ ಇರುತ್ತದೆ; ಹದವಾದರೆ ಪ್ರತಿ ತುಂಡಿಗೂ ಪ್ರತಿ ಸಲವೂ ಸರಿಯಾಗಬೇಕು, ಒಬ್ಬ ಆಪರೇಟರ್ ತೂಕಡಿಸಿದರೆ ಮುಗಿಯಿತು. ನಂಬಿಕೆಯನ್ನು ಬೆರಕೆಯ ಮೇಲೆ ಇಡುವುದೇ ಜಾಣತನವಲ್ಲವೇ? ಸಿ-276ರ ಮಟ್ಟಿಗೆ ಇದನ್ನು ಒಪ್ಪಲೇಬೇಕು. ಆದರೆ ಬಲವೂ ಬೇಕು, ತುಕ್ಕೂ ಹಿಡಿಯಬಾರದು ಎನ್ನುವ ಕಡೆ ಬೆರಕೆಗೆ ಬೇರೆ ದಾರಿಯಿಲ್ಲ. 718 ಎಂಬ ಲೋಹವನ್ನು ನೋಡಿ. ವಿಮಾನದ ಎಂಜಿನ್ನಿನಲ್ಲಿ ಅದಕ್ಕೆ 720 ಮತ್ತು 620 ಡಿಗ್ರಿಯ ಎರಡು ಹಂತದ ಹದ, ಬಲ ಗರಿಷ್ಠ. ಅದೇ ಹದದ ತುಂಡನ್ನು ಗಂಧಕದ ಅನಿಲವಿರುವ ಎಣ್ಣೆ ಬಾವಿಗೆ ಇಳಿಸಿದರೆ ಹದ ಅತಿಯಾಯಿತು ಎನ್ನುತ್ತಾರೆ. ಬಾವಿಯ ಲೋಹಕ್ಕೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಬೇರೆ ವಿಧಿಯನ್ನೇ ಬರೆದಿದೆ: ಮೊದಲು ಸಾವಿರ ಡಿಗ್ರಿಗೂ ಮೇಲೆ ಕಾಯಿಸಿ ಬದುವಿನ ಮೇಲಿನ ಡೆಲ್ಟಾ ಎಂಬ ಸೂಜಿ ಹರಳುಗಳನ್ನು ಕರಗಿಸುವುದು, ಆಮೇಲೆ 774ರಿಂದ 802 ಡಿಗ್ರಿಯಲ್ಲಿ ಒಂದೇ ಹಂತ, ಆರರಿಂದ ಎಂಟು ಗಂಟೆ. ಸ್ವಲ್ಪ ಬಲ ಬಿಟ್ಟುಕೊಟ್ಟು ಬಾಳಿಕೆ ಕೊಂಡ ಹಾಗೆ. ಇದನ್ನು ಯಾವ ಬೆರಕೆಯ ಪಟ್ಟಿಯೂ ಹೇಳುವುದಿಲ್ಲ. ಬದುಗಳ ಗುಣವನ್ನೇ ಬದಲಿಸಬಹುದು ಎಂದು 1984ರಲ್ಲಿ ಜಪಾನಿನ ತಡಾವೊ ವಟನಾಬೆ ಮುಂದಿಟ್ಟ ಆಲೋಚನೆಯೂ ಇದೇ ದಾರಿಯದು. ಸ್ವಲ್ಪ ಬಡಿ, ಸ್ವಲ್ಪ ಕಾಯಿಸು, ಮತ್ತೆ ಬಡಿ ಎಂಬ ಅದರ ಕ್ರಮ ಕಮ್ಮಾರಸಾಲೆಗೆ ಹೊಸದಲ್ಲ.

ನಿಕ್ಕಲ್ ಲೋಹಗಳ ಮುಂದಿನ ಪರೀಕ್ಷೆ ಬಿಸಿಲಿನ ಶಾಖದಲ್ಲಿದೆ. ಅದಕ್ಕೆ ತಿರುಮಣಿಯಿಂದ ಶುರುಮಾಡೋಣ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲುಗಳ ಸುಮಾರು 13,000 ಎಕರೆಯಲ್ಲಿ, ರೈತರಿಂದ ಗುತ್ತಿಗೆಗೆ ಪಡೆದ ನೆಲದ ಮೇಲೆ, 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಈ ಫಲಕಗಳಿಗೆ ಬೇಕಾದದ್ದು ಬಿಸಿಲಿನ ಬೆಳಕು, ಬಿಸಿ ಬೇಡ. ಕಾದಷ್ಟೂ ಅವುಗಳ ಕರೆಂಟು ಇಳಿಯುತ್ತದೆ. ಸಂಜೆ ಆರಕ್ಕೆ ಕೆಲಸ ನಿಲ್ಲುತ್ತದೆ. ಬಿಸಿಲನ್ನು ಶಾಖವಾಗಿಯೇ ಹಿಡಿದು ರಾತ್ರಿಗೆ ಇಟ್ಟುಕೊಳ್ಳುವ ಇನ್ನೊಂದು ದಾರಿಯಿದೆ. ಶಾಖ ಹಿಡಿದು ಉಗಿ ಮಾಡುವ 50 ಮೆಗಾವ್ಯಾಟಿನ ಘಟಕವೊಂದು 2014ರಲ್ಲಿ ಪಕ್ಕದ ಅನಂತಪುರ ಜಿಲ್ಲೆಯ ನಾಗಲಾಪುರದಲ್ಲೇ ಶುರುವಾಯಿತು. ಅದು ಕಾಯಿಸುವುದು ಎಣ್ಣೆಯನ್ನು. ಶಾಖವನ್ನು ರಾತ್ರಿಗೆ ಉಳಿಸಲು ಸೋಡಿಯಂ, ಪೊಟ್ಯಾಸಿಯಂ ನೈಟ್ರೇಟುಗಳನ್ನು ಆರಕ್ಕೆ ನಾಲ್ಕರಂತೆ ಕರಗಿಸಿದ ಉಪ್ಪು ಬಳಸುತ್ತಾರೆ, 565 ಡಿಗ್ರಿಯವರೆಗೆ. ಅದಕ್ಕೆ ಒಳ್ಳೆಯ ಸ್ಟೇನ್‌ಲೆಸ್ ಸಾಕು. 700 ದಾಟಬೇಕೆಂದರೆ ಕ್ಲೋರೈಡ್ ಉಪ್ಪು ಬೇಕು, ಅದಕ್ಕೆ ನಿಕ್ಕಲ್ ಲೋಹವೇ ಬೇಕು. ಅಲ್ಲಿ ಇಷ್ಟು ಹೊತ್ತು ಹೇಳಿದ ನಿಯಮ ತಲೆಕೆಳಗಾಗುತ್ತದೆ. ಕರಗಿದ ಕ್ಲೋರೈಡ್, ಫ್ಲೋರೈಡ್ ಉಪ್ಪುಗಳಲ್ಲಿ ಆಕ್ಸೈಡ್ ಪೊರೆ ನಿಲ್ಲುವುದೇ ಇಲ್ಲ. ಉಪ್ಪು ಮೊದಲು ಎಳೆದುಕೊಳ್ಳುವುದೇ ಕ್ರೋಮಿಯಂ ಅನ್ನು, ಅದೂ ಬದುವಿನ ದಾರಿಯಾಗಿ. ಅಮೆರಿಕದ ಓಕ್ ರಿಜ್‌ನಲ್ಲಿ 1965ರಿಂದ 1969ರವರೆಗೆ ನಡೆದ ಕರಗಿದ ಫ್ಲೋರೈಡಿನ ಪರಮಾಣು ರಿಯಾಕ್ಟರಿಗೆ ಬಳಸಿದ ಹ್ಯಾಸ್ಟೆಲಾಯ್ ಎನ್ ಲೋಹದಲ್ಲಿ ಕ್ರೋಮಿಯಂ ನೂರಕ್ಕೆ ಏಳು ಮಾತ್ರ. ಫ್ಲೋರೈಡ್ ಎಂದರೆ ಪಾವಗಡದವರಿಗೆ ಕೊಳವೆಬಾವಿಯ ನೀರು, ಕಲೆ ಬಿದ್ದ ಹಲ್ಲು, ನೋಯುವ ಮೂಳೆ, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ. ಅದೇ ಧಾತುವಿನ ಹೈಡ್ರೋಫ್ಲೋರಿಕ್ ಆಮ್ಲವನ್ನು ಹಿಡಿದಿಡುವ ಹಳೆಯ ಭಂಟ ಮೋನೆಲ್. ಆ ಮೋನೆಲ್ ಕೂಡ ಬಗ್ಗಿಸಿ ಬೆಸೆದ ಮೇಲೆ ಕಾಯಿಸಿ ಬಿಗಿತ ಕಳೆಯದಿದ್ದರೆ ಆಮ್ಲದ ತೇವದ ಹಬೆಯಲ್ಲಿ ಸೀಳುತ್ತದೆ.

ಗ್ಯಾಸ್ ಟರ್ಬೈನ್ ಅಲಗುಗಳ ಬಿಸಿ ತುಕ್ಕಿನದು ಬೇರೆಯೇ ಅಧ್ಯಾಯ. ಅಲ್ಲಿ ಕಾವಲು ಮೇಲಿನ ಲೇಪದ್ದು. ಲೇಪ ಬೇಯಿಸುವ ಶಾಖವೂ ಒಳಗಿನ ಲೋಹದ ಹದವೂ ಒಂದಕ್ಕೊಂದು ಹೊಂದಬೇಕು ಎಂದಷ್ಟೇ ಹೇಳಿ ಮುಂದೆ ಹೋಗಬಹುದು. ಈಗ ಹೆಚ್ಚು ಕುತೂಹಲದ್ದು ಲೇಸರಿನಿಂದ ಲೋಹದ ಪುಡಿಯನ್ನು ಪದರ ಪದರವಾಗಿ ಕರಗಿಸಿ ಭಾಗಗಳನ್ನು ಮುದ್ರಿಸುವ ವಿದ್ಯೆ. ಇನ್ಕೊನೆಲ್ 625 ಭಾಗವನ್ನು ಹೀಗೆ ಮುದ್ರಿಸಿ, ಒಳಬಿಗಿತ ಕಳೆಯಲು ಬಡಿದ ಲೋಹಕ್ಕೆ ಒಗ್ಗಿದ 870 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ, ಬಡಿದ ಲೋಹದಲ್ಲಿ ಹತ್ತಾರು ಗಂಟೆ ಬೇಕಾದ ಡೆಲ್ಟಾ ಸೂಜಿಗಳು ಅಷ್ಟರಲ್ಲೇ ಮೂಡುತ್ತವೆ. ಬೇಗ ಹೆಪ್ಪುಗಟ್ಟಿದಾಗ ನಯೋಬಿಯಂ ಒಂದೊಂದು ಕಡೆ ಗುಂಪು ಕೂತಿರುವುದೇ ಕಾರಣ. ಅಮೆರಿಕದ ಮಾನಕ ಸಂಸ್ಥೆಯ ಸಂಶೋಧಕರು ಶಾಖವನ್ನು 800ಕ್ಕೆ ಇಳಿಸಲು ಸೂಚಿಸಬೇಕಾಯಿತು. ಬೆರಕೆ ಒಂದೇ, ಹುಟ್ಟಿದ ರೀತಿ ಬೇರೆ, ಹಾಗಾಗಿ ಹದವೂ ಬೇರೆ. ಹಳೆಯ ಕೈಪಿಡಿ ನೋಡಿ ಹೊಸ ಭಾಗವನ್ನು ಕಾಯಿಸುವವರು ಫ್ಯಾರಡೆ ಮಾಡಿದ ತಪ್ಪನ್ನೇ ಮತ್ತೆ ಮಾಡುತ್ತಾರೆ.

ಇಷ್ಟೆಲ್ಲ ತಿಳಿದ ಮೇಲೂ ಖರೀದಿಯ ಮೇಜಿನ ಮೇಲೆ ಏನು ನಡೆಯುತ್ತದೆ ನೋಡಿ. ಲೋಹದ ಜೊತೆ ಬರುವ ಟೆಸ್ಟ್ ಸರ್ಟಿಫಿಕೇಟಿನಲ್ಲಿ, ಅಂಗಡಿಯ ಮಾತಿನಲ್ಲಿ ಟಿಸಿಯಲ್ಲಿ, ಬೆರಕೆಗೆ ಹತ್ತು ಹದಿನೈದು ಅಂಕಣ. ನಿಕ್ಕಲ್ ಇಷ್ಟು, ಕ್ರೋಮಿಯಂ ಇಷ್ಟು, ಇಂಗಾಲ ಮೂರು ದಶಮಾಂಶದವರೆಗೆ. ಕೆಳಗೆಲ್ಲೋ ಒಂದು ಸಾಲಿನಲ್ಲಿ ಸೊಲ್ಯೂಷನ್ ಅನೀಲ್ಡ್ ಎಂದು ಬರೆದಿರುತ್ತದೆ. ಎಷ್ಟು ಡಿಗ್ರಿ, ಎಷ್ಟು ಹೊತ್ತು, ತಣಿಸಿದ್ದು ನೀರಿಗೋ ಗಾಳಿಗೋ, ಕುಲುಮೆಯಿಂದ ನೀರಿಗೆ ಬೀಳಲು ಎಷ್ಟು ಸೆಕೆಂಡು ಹಿಡಿಯಿತು ಎಂಬುದು ಬಹಳ ಸಲ ಇರುವುದಿಲ್ಲ. ಕುಲುಮೆಯಲ್ಲಿ ಶಾಖ ಅಳೆಯುವ ಥರ್ಮೋಕಪಲ್ ತಂತಿಯೂ ಹೆಚ್ಚಾಗಿ ನಿಕ್ಕಲ್ ಮಿಶ್ರಲೋಹದ್ದೇ. ಕಾದು ಕಾದು ಅದರ ಅಳತೆಯೂ ಜಾರುತ್ತದೆ ಎಂಬುದು ಬೇರೆ ಮಾತು. ಪೀಣ್ಯದಲ್ಲಾಗಲಿ ತುಮಕೂರಿನ ವಸಂತನರಸಾಪುರದಲ್ಲಾಗಲಿ ನಿಕ್ಕಲ್ ಲೋಹ ಕೊಳ್ಳುವವರು, ಕಾಯಿಸಿಕೊಡುವವರು, ಟಿಸಿಯ ಜೊತೆಗೆ ಕುಲುಮೆಯ ಚಾರ್ಟನ್ನೂ ಥರ್ಮೋಕಪಲ್ ತಪಾಸಣೆ ಮಾಡಿದ ದಿನಾಂಕವನ್ನೂ ಕೇಳಿ ಪಡೆಯಲಿ. ಚಾರ್ಟ್ ಇಲ್ಲ ಎಂದರೆ ತುಂಡನ್ನು ಪರೀಕ್ಷೆಯ ಆಮ್ಲದಲ್ಲಿ ಕುದಿಸಿ ನೋಡುವ ತನಕ ಹಣ ಕೊಡಬೇಡಿ.